ಮೊದಲು ಫೋಟೊದ ಬೆನ್ನು ನೋಡಿ: ಕಾಸರಗೋಡಿನ ಹಳೆ ಮನೆಗಳ ಚಿತ್ರಗಳಿಂದ ಕುಟುಂಬದ ಕಥೆ ಹುಡುಕುವ ಬಗೆ

ಹಳೆ ಫೋಟೊಗಳ ಪೆಟ್ಟಿಗೆ ತೆರೆಯಲು ನಮ್ಮ ಕಡೆ ಒಳ್ಳೆಯ ಕಾಲ ಜನವರಿಯಿಂದ ಮಾರ್ಚ್. ಕಾಸರಗೋಡು ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಿಲ್ಲೆ. ಫೋಟೊದ ಮೇಲ್ಪದರ ಜೆಲಾಟಿನ್; ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಅದು ತೇವ ಹೀರಿ ಮೆತ್ತಗಾಗಿರುತ್ತದೆ. ಆಗ ಒಂದಕ್ಕೊಂದು ಅಂಟಿದ ಚಿತ್ರಗಳನ್ನು ಬಿಡಿಸಲು ಹೋದರೆ ಒಂದರ ಮುಖ ಇನ್ನೊಂದರ ಬೆನ್ನಿಗೆ ಅಂಟಿಕೊಂಡು ಬರುತ್ತದೆ. ಆದರೆ ಮನೆಯಲ್ಲೋ ನೆಂಟರಲ್ಲೋ ಎಂಬತ್ತು ದಾಟಿದ ಹಿರಿಯರಿದ್ದರೆ ಬಿಸಿಲಿಗೆಂದು ಕಾಯಬೇಡಿ. ಗೋಡೆಯ ಮೇಲೆ ಇದ್ದ ಹಾಗೆಯೇ ಮೊಬೈಲಿನಲ್ಲಿ ತೆಗೆದುಕೊಂಡು ಈ ವಾರವೇ ಅವರ ಹತ್ತಿರ ಹೋಗಿ. ಕಾಗದ ಇನ್ನೊಂದು ಮಳೆಗಾಲ ತಡೆದೀತು.

ಕೆಲಸಕ್ಕೆ ಬೇಕಾದದ್ದು ಹೆಚ್ಚೇನೂ ಇಲ್ಲ: ಹಳೆಯ ಮೆತ್ತನೆ ಹತ್ತಿಬಟ್ಟೆ, ಮೃದುವಾದ ಪೇಂಟಿಂಗ್ ಬ್ರಷ್, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಮಸೂರ, ಟಾರ್ಚ್, 2ಬಿ ಪೆನ್ಸಿಲ್, ಅಳತೆಪಟ್ಟಿ, ದಪ್ಪ ನೋಟ್‌ಬುಕ್. ನೋಟ್‌ಬುಕ್ಕಿನಲ್ಲಿ ಒಂದೊಂದು ಫೋಟೊಗೆ ಒಂದೊಂದು ಪುಟ ಬಿಡಿ. ಪುಟವನ್ನು ಮೂರು ಭಾಗ ಮಾಡಿ: ಫೋಟೊ ತೋರಿಸಿದ್ದು, ಜನ ಹೇಳಿದ್ದು, ಕಾಗದದಲ್ಲಿ ಸಿಕ್ಕಿದ್ದು. ಈ ಮೂರನ್ನು ಒಂದಕ್ಕೊಂದು ಬೆರೆಸಬಾರದು. ಕುಟುಂಬದ ಚರಿತ್ರೆಗಳು ಕೆಡುವುದು ಹೆಚ್ಚಾಗಿ ಇಲ್ಲಿಯೇ. ಯಾರೋ ಒಬ್ಬರು ಊಹಿಸಿ ‘ದೊಡ್ಡಜ್ಜ, 1935’ ಎಂದು ಫೋಟೊದ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆಯುತ್ತಾರೆ. ಮುಂದಿನ ತಲೆಮಾರಿಗೆ ಆ ಬರಹವೇ ಆಧಾರವಾಗುತ್ತದೆ. ಯಾರು ಬರೆದರು, ಹೇಗೆ ಗೊತ್ತಾಯಿತು ಎಂದು ಕೇಳಲು ಆಗ ಯಾರೂ ಉಳಿದಿರುವುದಿಲ್ಲ.

ಮುಟ್ಟುವ ಮೊದಲು

ಆಲ್ಬಮಿನಿಂದ ಒಂದೇ ಒಂದು ಚಿತ್ರ ತೆಗೆಯುವ ಮುಂಚೆ ಪ್ರತಿ ಪುಟವನ್ನೂ ಇಡಿಯಾಗಿ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಲಕೋಟೆಯಲ್ಲಿದ್ದರೆ ಲಕೋಟೆಯ ಮೇಲಿನ ಬರಹವನ್ನೂ ತೆಗೆಯಿರಿ, ಟ್ರಂಕಿನಲ್ಲಿ ಇದ್ದ ಕ್ರಮವನ್ನೂ ಬರೆದುಕೊಳ್ಳಿ. ಒಂದೇ ಪುಟದಲ್ಲಿ ಅಕ್ಕಪಕ್ಕ ಇದ್ದ ಚಿತ್ರಗಳು ಸಾಮಾನ್ಯವಾಗಿ ಒಂದೇ ಸಮಾರಂಭದವು ಅಥವಾ ಒಂದೇ ಕವಲಿನವು. ಅವುಗಳನ್ನು ಕಿತ್ತು ಗುಡ್ಡೆ ಹಾಕಿದ ಮೇಲೆ ಆ ಸಾಕ್ಷಿಯನ್ನು ಮತ್ತೆ ಪಡೆಯಲು ಬರುವುದಿಲ್ಲ. ಬಳಿಕ ಒಂದೊಂದಕ್ಕೂ ನಂಬರು ಕೊಡಿ: ಅ-1, ಅ-2 ಹೀಗೆ. ಅಕ್ಷರ ಪೆಟ್ಟಿಗೆಯದು ಅಥವಾ ಆಲ್ಬಮಿನದು, ಅಂಕೆ ಫೋಟೊದ್ದು.

ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಧೂಳನ್ನು ಬ್ರಷ್‌ನಿಂದ ನಡುವಿನಿಂದ ಅಂಚಿನ ಕಡೆಗೆ ತಳ್ಳಿದರೆ ಸಾಕು. ಬೂಷ್ಟು ಹಿಡಿದಿದ್ದರೆ ಉಜ್ಜಬೇಡಿ, ಉಜ್ಜಿದರೆ ಒಳಗೆ ಇಳಿಯುತ್ತದೆ. ನೆರಳಿನಲ್ಲಿ ಗಾಳಿಗೆ ಒಣಗಲು ಬಿಟ್ಟು ಆಮೇಲೆ ಬ್ರಷ್ ಆಡಿಸಿ.

ಚಾವಡಿಯಲ್ಲಿ ನೇತಾಡುವ ಕಟ್ಟು ಹಾಕಿದ ಪಟಗಳನ್ನು ತೆರೆಯುವಾಗ ಇನ್ನಷ್ಟು ಎಚ್ಚರ ಬೇಕು. ಬಟ್ಟೆಯ ಮೇಲೆ ಬೋರಲಾಗಿ ಮಲಗಿಸಿ, ಸಣ್ಣ ಇಕ್ಕಳದಿಂದ ಮೊಳೆಗಳನ್ನು ಒಂದೊಂದಾಗಿ ಎಬ್ಬಿಸಿ. ಹಿಂದಿನ ರಟ್ಟು ತೆಗೆದ ಮೇಲೆ ಫೋಟೊ ಗಾಜಿಗೆ ಅಂಟಿದೆಯೇ ನೋಡಿ. ಮುಂದಿನಿಂದ ನೋಡಿದಾಗ ಅಲ್ಲಲ್ಲಿ ಹೊಳೆಯುವ, ಒದ್ದೆಯಾದಂತೆ ಕಾಣುವ ಕಲೆಗಳಿದ್ದರೆ ಅಂಟಿದೆ ಎಂದೇ ಅರ್ಥ. ಅಂಥದನ್ನು ಕೀಳಲು ಹೋಗಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಹಿಂಬದಿಗೆ ಹಾಕಿದ ಕಾಗದವನ್ನು ಕಸವೆಂದು ಎಸೆಯಲೂ ಬೇಡಿ. ಕಟ್ಟು ಹಾಕುವ ಅಂಗಡಿಯವರು ಕೈಗೆ ಸಿಕ್ಕಿದ ಪೇಪರನ್ನೋ ಕ್ಯಾಲೆಂಡರಿನ ಹಾಳೆಯನ್ನೋ ಇಟ್ಟಿರುತ್ತಾರೆ. ಉದಯವಾಣಿಯ ಹಾಳೆ ಇದ್ದರೆ ಕಟ್ಟು ಹಾಕಿದ್ದು 1970ರ ಜನವರಿಯ ನಂತರ, ಏಕೆಂದರೆ ಆ ಪತ್ರಿಕೆ ಶುರುವಾದದ್ದೇ ಆಗ. ಇದು ಕಟ್ಟಿನ ಕಾಲ, ಫೋಟೊದ ಕಾಲವಲ್ಲ. ಎರಡರ ನಡುವೆ ನಲವತ್ತು ವರ್ಷದ ಅಂತರ ಇರುವುದೂ ಉಂಟು.

ಬೆನ್ನಿನ ಮೇಲಿನ ವಿಳಾಸ

ಗಡಿನಾಡಿನವರಿಗೆ ಬೇರೆ ಊರಿನವರಿಗಿಲ್ಲದ ಒಂದು ಅನುಕೂಲವಿದೆ. ನಮ್ಮ ಊರು ಇದ್ದಲ್ಲಿಯೇ ಇದ್ದು ಅದರ ರಾಜ್ಯ, ಜಿಲ್ಲೆಗಳು ಬದಲಾಗುತ್ತಾ ಬಂದವು. ಹಾಗಾಗಿ ಸ್ಟುಡಿಯೊದ ಮೊಹರಿನಲ್ಲಿ ಇರುವ ವಿಳಾಸವೇ ಕಾಲವನ್ನು ಹೇಳುತ್ತದೆ. ಮೊಹರು ಹಿಂದೆ ಇರಬಹುದು, ಮುಂದೆ ಬಲಗಡೆಯ ಕೆಳಮೂಲೆಯಲ್ಲಿ ಉಬ್ಬಚ್ಚಾಗಿಯೂ ಇರಬಹುದು. ಉಬ್ಬಚ್ಚು ಓದಲು ಟಾರ್ಚನ್ನು ಕಾಗದಕ್ಕೆ ಸಮವಾಗಿ ಹಿಡಿದು ಪಕ್ಕದಿಂದ ಬೆಳಕು ಬಿಡಿ, ಅಕ್ಷರಗಳು ಎದ್ದು ಕಾಣುತ್ತವೆ.

ಕಾಸರಗೋಡಿನ ವಿಳಾಸದೊಂದಿಗೆ ‘ಸೌತ್ ಕೆನರಾ’ ಎಂದಿದ್ದರೆ ಅದು ಮದ್ರಾಸಿನ ಕಾಲದ ಅಚ್ಚು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ‘ಕಣ್ಣೂರು ಜಿಲ್ಲೆ’ ಎಂದಿದ್ದರೆ 1957ರ ಜನವರಿ 1ರ ನಂತರದ್ದು, ಮಲಬಾರ್ ಜಿಲ್ಲೆಯನ್ನು ಒಡೆದು ಕಣ್ಣೂರು ಜಿಲ್ಲೆ ಮಾಡಿದ್ದು ಅಂದು. ‘ಕಾಸರಗೋಡು ಜಿಲ್ಲೆ’ ಎಂಬುದು 1984ರ ಮೇ 24ಕ್ಕಿಂತ ಹಿಂದಕ್ಕೆ ಹೋಗಲಾರದು. ಮದುವೆ ಫೋಟೊಗೆ ಮಂಗಳೂರಿಗೇ ಹೋಗುತ್ತಿದ್ದ ಮನೆಗಳು ಬಹಳ. ಅಲ್ಲಿನ ಮೊಹರಿನಲ್ಲಿ ‘ಮೈಸೂರು ಸ್ಟೇಟ್’ ಎಂದಿದ್ದರೆ 1956ರ ನವೆಂಬರ್ ನಂತರ, ‘ಕರ್ನಾಟಕ’ ಎಂದಿದ್ದರೆ 1973ರ ನವೆಂಬರ್ 1ರ ನಂತರ. ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ಈಚಿನದು. ನಮ್ಮದು 671ರಿಂದ, ಮಂಗಳೂರಿನದು 575ರಿಂದ ಶುರುವಾಗುತ್ತದೆ.

ಇಲ್ಲಿ ಒಂದು ತರ್ಕವನ್ನು ಬಿಡದೆ ಹಿಡಿದುಕೊಳ್ಳಬೇಕು. ಹೊಸ ಹೆಸರು ಕಂಡರೆ ‘ಇದಕ್ಕಿಂತ ಹಿಂದಿನದಲ್ಲ’ ಎಂದು ಗಟ್ಟಿಯಾಗಿ ಹೇಳಬಹುದು. ಹಳೆ ಹೆಸರು ಕಂಡರೆ ‘ಇದಕ್ಕಿಂತ ಈಚಿನದಲ್ಲ’ ಎಂದು ಅಷ್ಟೇ ಗಟ್ಟಿಯಾಗಿ ಹೇಳಲಾಗದು. ರಬ್ಬರ್ ಮೊಹರು ಸವೆಯುವ ತನಕ, ಅಚ್ಚು ಹಾಕಿಸಿದ ರಟ್ಟು ಮುಗಿಯುವ ತನಕ ಸ್ಟುಡಿಯೊದವರು ಹಳೆಯದನ್ನೇ ಬಳಸಿರುತ್ತಾರೆ. ಹಾಗೆಯೇ ಪಿನ್‌ಕೋಡ್ ಇಲ್ಲ ಎಂದ ಮಾತ್ರಕ್ಕೆ 1972ಕ್ಕಿಂತ ಹಿಂದಿನದು ಎನ್ನುವಂತಿಲ್ಲ.

ಪೆನ್ಸಿಲಿನಲ್ಲಿ ಗೀಚಿದ ಅಂಕೆಗಳನ್ನೂ ಅಳಿಸದೆ ನಕಲು ಮಾಡಿಕೊಳ್ಳಿ. ಒಂದು ನೆಗೆಟಿವ್ ನಂಬರಾಗಿರಬಹುದು. ಆ ಸ್ಟುಡಿಯೊ ಈಗಲೂ ಇದ್ದರೆ, ಅಥವಾ ಅದನ್ನು ನಡೆಸಿದವರ ಮನೆಯವರು ಸಿಕ್ಕಿದರೆ, ಅವರ ರಿಜಿಸ್ಟರಿನಲ್ಲಿ ಅದೇ ನಂಬರಿಗೆ ಹೆಸರು, ತಾರೀಕು ಇದ್ದೀತು. ಇನ್ನೊಂದು ಬೆಲೆಯಾಗಿರಬಹುದು. 2-8-0 ಎಂಬಂತೆ ಮೂರು ಅಂಕೆಗಳಿದ್ದರೆ ರೂಪಾಯಿ-ಆಣೆ-ಪೈ. ದಶಮಾಂಶದ ನಾಣ್ಯ ಬಂದದ್ದು 1957ರ ಏಪ್ರಿಲ್ 1ರಂದು. ‘ನ.ಪೈ.’ ಎಂದಿದ್ದರೆ 1957ರಿಂದ 1964ರ ನಡುವಿನದ್ದಾಗಿರುವ ಸಂಭವವೇ ಹೆಚ್ಚು, ‘ನಯಾ’ ಎಂಬುದನ್ನು 1964ರ ಜೂನ್‌ನಿಂದ ಕೈಬಿಡಲಾಯಿತು.

ಕನ್ನಡ ಅಂಕೆಗಳಲ್ಲಿ ಬರೆದ ಇಸವಿ ಓದುವಾಗ ೬ ಮತ್ತು ೯ ಕೈಬರಹದಲ್ಲಿ ಅದಲುಬದಲಾಗುತ್ತವೆ, ೨ ಮತ್ತು ೭ ಕೂಡ. ಅದೇ ಕೈಯ ಇನ್ನೊಂದು ಬರಹವನ್ನು, ಒಂದು ಕಾಗದವನ್ನೋ ಲೆಕ್ಕದ ಪುಸ್ತಕವನ್ನೋ, ಪಕ್ಕದಲ್ಲಿಟ್ಟು ಹೋಲಿಸಿ ನೋಡಿ. ಇಸವಿಯ ಬದಲು ಸಂವತ್ಸರ ಇದ್ದರೆ ಅರುವತ್ತು ವರ್ಷದ ಸುತ್ತು ನೆನಪಿರಲಿ: ಸರ್ವಜಿತ್ 1947-48, ಅದರ ಹಿಂದಿನದು 1887-88, ಮುಂದಿನದು 2007-08. ಸಂವತ್ಸರ ಏಪ್ರಿಲ್ ಹೊತ್ತಿಗೆ ಬದಲಾಗುವುದರಿಂದ ಸರ್ವಜಿತ್ತಿನ ಮಕರ ಮಾಸ ಬೀಳುವುದು 1948ರ ಜನವರಿ-ಫೆಬ್ರವರಿಯಲ್ಲಿ. ಮಲಯಾಳದಲ್ಲಿ ಬರೆದ ಕೊಲ್ಲಂ ವರ್ಷಕ್ಕೆ ವರ್ಷಾರಂಭದಿಂದ ಡಿಸೆಂಬರ್ ತನಕ 824, ಜನವರಿಯಿಂದ ಮುಂದಕ್ಕೆ 825 ಸೇರಿಸಿ. ನಿಮಗೆ ಓದಲು ಬಾರದ ಲಿಪಿಯಿದ್ದರೆ ಅಂದಾಜಿನಲ್ಲಿ ಓದಬೇಡಿ. ಕೊಂಕಣಿಯವರು, ಮಾಪಿಳ್ಳೆಯವರು, ಮಲಯಾಳ ಬಲ್ಲವರು ಎಲ್ಲರೂ ನೆರೆಕರೆಯಲ್ಲಿರುವ ಜಿಲ್ಲೆ ಇದು, ಬಲ್ಲವರಿಗೆ ತೋರಿಸಿ.

ಕಾಗದದ ಬಗೆ

ದಪ್ಪ ರಟ್ಟಿಗೆ ಅಂಟಿಸಿದ ತೀರಾ ತೆಳು ಕಾಗದ, ಹಳದಿಗಟ್ಟಿದ ಬಿಳಿ, ಮಸೂರದಲ್ಲಿ ಕಾಣುವ ಕೂದಲೆಳೆಯ ಬಿರುಕು ಇದ್ದರೆ ಮೊಟ್ಟೆಯ ಬಿಳಿ ಬಳಸಿ ಮಾಡಿದ ಆಲ್ಬುಮೆನ್ ಪ್ರಿಂಟ್ ಇದ್ದೀತು. ಅದು 19ನೇ ಶತಮಾನದ ದ್ವಿತೀಯಾರ್ಧದ್ದು. ನಮ್ಮ ಮನೆಗಳಲ್ಲಿ ಸಿಗುವುದು ಅಪರೂಪ. ಓರೆಯಾಗಿ ಹಿಡಿದಾಗ ಕಪ್ಪು ಭಾಗಗಳ ಅಂಚಿನಲ್ಲಿ ನೀಲಿ ಛಾಯೆಯ ಕನ್ನಡಿಯಂಥ ಹೊಳಪು ಕಂಡರೆ ಅದು ಬೆಳ್ಳಿ-ಜೆಲಾಟಿನ್. ಹಳೆ ಕಪ್ಪುಬಿಳುಪು ಫೋಟೊಗಳಲ್ಲಿ ಬಹುಪಾಲು ಇವೇ. ಅಂಕುಡೊಂಕು ಅಂಚಿನ ಸಣ್ಣ ಪ್ರಿಂಟುಗಳು 1930ರಿಂದ 60ರ ದಶಕದವು. ಎರಡೂಕಾಲು ಇಂಚಿನ ಚೌಕಾಕಾರದವು 120 ಫಿಲ್ಮಿನವು, ಆಗ್ಫಾ ಕ್ಲಿಕ್‌ನಂಥ ಕ್ಯಾಮೆರಾ ಮನೆಗೆ ಬಂದ ಕಾಲದವು. ಪ್ಲಾಸ್ಟಿಕ್‌ನಂತೆ ನುಣುಪಾಗಿ, ಬಣ್ಣವೆಲ್ಲ ಕೆಂಪಿಗೆ ತಿರುಗಿದ್ದರೆ 1970ರ ದಶಕ ಮತ್ತು ಆಮೇಲಿನದು. ಮೂಲೆಯಲ್ಲಿ ಕಿತ್ತಳೆ ಬಣ್ಣದ ತಾರೀಕು ಇದ್ದರೆ ಅದನ್ನೂ ಪರೀಕ್ಷಿಸದೆ ಒಪ್ಪಬೇಡಿ, ಕ್ಯಾಮೆರಾದಲ್ಲಿ ತಾರೀಕು ಸರಿಪಡಿಸದೆ ತೆಗೆದವರು ಬಹಳ. ಕಂದು ಬಣ್ಣ ಒಂದರಿಂದಲೇ ‘ಬಹಳ ಹಳತು’ ಎಂದು ತೀರ್ಮಾನಿಸುವುದೂ ತಪ್ಪು. ಕೆಲವರು ಕೇಳಿ ಕಂದು ಬಣ್ಣದಲ್ಲೇ ಮಾಡಿಸುತ್ತಿದ್ದರು.

ಮಸೂರದಲ್ಲಿ ಚುಕ್ಕಿಗಳ ಸಾಲು ಕಂಡರೆ ಅದು ಅಚ್ಚಿನ ಅಥವಾ ಪ್ರಿಂಟರಿನ ನಕಲು. ಪಿನ್ ಚುಚ್ಚಿದ ಗುರುತು ಕಾಣುತ್ತದೆ, ಬೆರಳಿಗೆ ತೂತು ಸಿಗುವುದಿಲ್ಲ ಎಂದಾದರೆ ಹಳೆ ಫೋಟೊದ ಫೋಟೊ ತೆಗೆದದ್ದು. ಮೂಲ ಬೇರೆ ಯಾರ ಮನೆಯಲ್ಲೋ ಇದೆ ಎಂದು ಪುಟದಲ್ಲಿ ಬರೆದಿಡಿ, ಹುಡುಕಲು ಯೋಗ್ಯವಾದದ್ದು ಅದು.

ಚಿತ್ರದ ಒಳಗೆ

ಮೊದಲು ಚಿತ್ರ ತಿರುಗುಮುರುಗಾಗಿದೆಯೇ ನೋಡಿ. ನೆಗೆಟಿವನ್ನು ಮಗುಚಿ ಹಾಕಿ ಪ್ರಿಂಟ್ ಮಾಡಿದ್ದರೆ ಎಡ ಬಲವಾಗಿರುತ್ತದೆ, ಆಗ ‘ಎಡದಿಂದ ಮೂರನೆಯವರು’ ಎಂಬ ಹಳೆಯ ಬರಹವೆಲ್ಲ ಬೇರೆಯವರಿಗೆ ಹೊಂದಿಬಿಡುತ್ತದೆ. ಅಕ್ಷರ ಇದ್ದರೆ ಸುಲಭ. ಇಲ್ಲದಿದ್ದರೆ ಜನಿವಾರ ನೋಡಿ, ಅದು ಎಡ ಹೆಗಲ ಮೇಲಿನಿಂದ ಬರಬೇಕು. ಹೆಂಗಸರ ಸೆರಗು, ಗಂಡಸರ ಅಂಗಿಯ ಗುಂಡಿ, ಕೈಗಡಿಯಾರ ಇವೆಲ್ಲ ಒಟ್ಟಿಗೆ ಉಲ್ಟಾ ಇದ್ದರೆ ಚಿತ್ರವೇ ಉಲ್ಟಾ.

ಸ್ಟುಡಿಯೊದಲ್ಲಿ ತೆಗೆದದ್ದಾದರೆ ವೇಷವನ್ನು ಪೂರ್ತಿ ನಂಬಬೇಡಿ. ಕೋಟು, ಪೇಟ, ಬೂಟು ಸ್ಟುಡಿಯೊದವರದ್ದೇ ಆಗಿರಬಹುದು. ಹಿಂದಿನ ಕಂಬ, ಪರದೆಯ ಮೇಲಿನ ಸರೋವರ, ಮೇಜಿನ ಮೇಲಿನ ಗಡಿಯಾರ ಮತ್ತು ದಪ್ಪ ಪುಸ್ತಕ ಹೇಗೂ ಅವರದ್ದೇ. ಆದರೆ ಅದರಿಂದಲೂ ಉಪಯೋಗವಿದೆ. ಅದೇ ಪರದೆ, ಅದೇ ಕುರ್ಚಿ ಇರುವ ಇನ್ನೊಂದು ಫೋಟೊ ನೆಂಟರಲ್ಲಿ ಸಿಕ್ಕಿ ಅದಕ್ಕೆ ತಾರೀಕು ಇದ್ದರೆ ನಿಮ್ಮದರ ಕಾಲವೂ ಹತ್ತಿರಕ್ಕೆ ಬರುತ್ತದೆ.

ಮನೆಯಂಗಳದಲ್ಲಿ ತೆಗೆದದ್ದಾದರೆ ಮಾಡು ನೋಡಿ: ಮುಳಿಹುಲ್ಲೋ ಹಂಚೋ. ಹಂಚು ಹಾಕಿದ ವರ್ಷ ಮನೆಯವರಿಗೆ ಸಾಮಾನ್ಯವಾಗಿ ನೆನಪಿರುತ್ತದೆ. ವಿದ್ಯುತ್ ತಂತಿ, ರೇಡಿಯೊ, ಕುರ್ಚಿಯ ಬಗೆ ಬರೆದುಕೊಳ್ಳಿ. ವಾಹನದ ನಂಬರು ‘ಕೆಎಲ್-14’ ಅಥವಾ ‘ಕೆಎ-19’ ಎಂದಿದ್ದರೆ 1989ರ ನಂತರದ್ದು. ಶಾಲೆಯ ಗ್ರೂಪ್ ಫೋಟೊದ ಹಲಗೆಯಲ್ಲಿ ಕ್ಲಾಸಿನ ಬದಲು ‘ಫಾರಂ’ ಎಂದಿದ್ದರೆ ಮದ್ರಾಸಿನ ಶಿಕ್ಷಣ ಪದ್ಧತಿಯ ಕಾಲದ್ದು.

ಯಾರು ಎಲ್ಲಿ ಕೂತಿದ್ದಾರೆ ಎಂಬುದಕ್ಕೂ ಅರ್ಥವಿದೆ, ಆದರೆ ಅದು ಮನೆಮನೆಗೆ ಬೇರೆ. ಕುರ್ಚಿಯಲ್ಲಿ ಪಕ್ಕಪಕ್ಕ ಕೂತ ಹಿರಿಯ ಗಂಡಸು-ಹೆಂಗಸು ಗಂಡ-ಹೆಂಡತಿ ಎಂದು ಬರೆದುಬಿಡುವುದು ತುಂಬ ಸಾಮಾನ್ಯವಾದ ತಪ್ಪು. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಮನೆಯಾದರೆ ಯಜಮಾನ ಆ ಹೆಂಗಸಿನ ಅಣ್ಣನೋ ತಮ್ಮನೋ ಸೋದರಮಾವನೋ ಆಗಿರುವ ಸಾಧ್ಯತೆ ಹೆಚ್ಚು. ಗಂಡ ಆ ಚಿತ್ರದಲ್ಲಿ ಇಲ್ಲದೆಯೂ ಇರಬಹುದು. ಅಂಥ ಮನೆಯ ವಂಶವೃಕ್ಷವನ್ನು ತಾಯಿಯ ಕಡೆಯಿಂದಲೇ ಎಳೆಯಿರಿ.

ತೀರಿಹೋದವರ ದೊಡ್ಡ ಪಟಗಳಲ್ಲಿ ಭುಜವನ್ನು ಹತ್ತಿರದಿಂದ ನೋಡಿ. ಬದುಕಿದ್ದಾಗ ಒಂಟಿಯಾಗಿ ಫೋಟೊ ತೆಗೆಸಿಕೊಳ್ಳದವರ ಮುಖವನ್ನು ಯಾವುದೋ ಗ್ರೂಪ್ ಫೋಟೊದಿಂದ ಎನ್‌ಲಾರ್ಜ್ ಮಾಡಿಸಿ, ಬ್ರಷ್ಷಿನಲ್ಲಿ ತಿದ್ದಿ, ಬೇರೊಂದು ಕೋಟಿನ ಮೇಲೆ ಕೂರಿಸುತ್ತಿದ್ದರು. ಕುತ್ತಿಗೆಯ ಬುಡದಲ್ಲಿ ಬೆಳಕಿನ ದಿಕ್ಕು ಬದಲಾಗಿರುತ್ತದೆ, ಕಣ್ಣಿನ ಹೊಳಪು ಚಿತ್ರಿಸಿದ್ದಾಗಿರುತ್ತದೆ. ಕೆಲವೊಮ್ಮೆ ಪಕ್ಕದಲ್ಲಿ ನಿಂತವರ ಕೈಯ ತುದಿ ಹೆಗಲ ಮೇಲೆ ಉಳಿದಿರುತ್ತದೆ. ಆ ಕೈ ಕಂಡರೆ ಮೂಲ ಗ್ರೂಪ್ ಫೋಟೊ ಇತ್ತು ಎಂದು ಖಚಿತ. ಅದನ್ನು ಹುಡುಕಬೇಕಾದದ್ದು ಮದುವೆಯಾಗಿ ಹೋದ ಹೆಣ್ಣುಮಕ್ಕಳ ಮನೆಗಳಲ್ಲಿ. ತವರಿನ ಪ್ರತಿ ಹಾಳಾಗಿ ಹೋದರೂ ಪುತ್ತೂರು, ವಿಟ್ಲ, ಸುಳ್ಯ, ಮುಂಬಯಿ ಕಡೆ ಹೋದ ಅತ್ತೆ, ಚಿಕ್ಕಮ್ಮಂದಿರು ಕೊಂಡುಹೋದ ಪ್ರತಿ ಜೋಪಾನವಾಗಿರುವುದುಂಟು.

ಹಿರಿಯರ ಹತ್ತಿರ ಕೂರುವುದು

ಬೆಳಗ್ಗಿನ ಕಾಫಿ ತಿಂಡಿ ಮುಗಿದ ಹೊತ್ತು ಒಳ್ಳೆಯದು. ಮುಕ್ಕಾಲು ಗಂಟೆಗಿಂತ ಹೆಚ್ಚು ಬೇಡ, ಒಂದು ಸಲಕ್ಕೆ ಎಂಟು-ಹತ್ತು ಫೋಟೊ ಸಾಕು. ಮೊಬೈಲ್ ಪರದೆಯಲ್ಲಿ ತೋರಿಸುವುದಕ್ಕಿಂತ ದೊಡ್ಡದಾಗಿ ಪ್ರಿಂಟ್ ತೆಗೆದುಕೊಂಡು ಹೋಗಿ. ಎ4 ಹಾಳೆಯಲ್ಲಿ ಒಂದೇ ಚಿತ್ರ, ತಲೆಗಳ ಮೇಲೆ ಅಂಕೆ. ಮಾತು ರೆಕಾರ್ಡ್ ಮಾಡಲು ಒಪ್ಪಿಗೆ ಕೇಳಿ, ಫೋನನ್ನು ಅವರಿಂದ ಒಂದು ಮೊಳ ದೂರದಲ್ಲಿ ಬಟ್ಟೆಯ ಮೇಲಿಡಿ. ಫ್ಯಾನ್ ನಿಲ್ಲಿಸಿ, ಇಲ್ಲದಿದ್ದರೆ ಅದರ ಸದ್ದು ಮೆಲುದನಿಯನ್ನು ನುಂಗುತ್ತದೆ.

ಹೆಸರನ್ನು ನೀವು ಮೊದಲು ಹೇಳಬಾರದು. ‘ಇದು ದೊಡ್ಡಜ್ಜ ಅಲ್ವಾ?’ ಎಂದರೆ ‘ಹೌದು ಮಗಾ’ ಎಂದೇ ಉತ್ತರ ಬರುತ್ತದೆ, ಪ್ರೀತಿಗೆ. ‘ಅಜ್ಜಿ, ಇಲ್ಲಿ ಯಾರ ಗುರ್ತ ಸಿಕ್ತದೆ ನಿಮಗೆ?’ ಎಂದು ಕೇಳಿ ಸುಮ್ಮನಿರಿ. ಅವರು ಒಂದು ಮುಖದ ಮೇಲೆ ಬೆರಳಿಟ್ಟಾಗ ‘ನಂಬರ್ ನಾಲ್ಕು’ ಎಂದು ನೀವು ಜೋರಾಗಿ ಹೇಳಬೇಕು, ರೆಕಾರ್ಡಿಂಗಿನಲ್ಲಿ ಬೆರಳು ಕಾಣುವುದಿಲ್ಲ. ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಆಡುವವರಾದರೆ ಅದರಲ್ಲಿಯೇ ಮಾತಾಡಿಸಿ, ನೆನಪು ಬರುವುದು ಆ ಭಾಷೆಯಲ್ಲಿ. ಆಡಿದ ಮಾತನ್ನು ಹಾಗೆಯೇ ಬರೆದುಕೊಳ್ಳಿ, ತಿದ್ದಬೇಡಿ.

‘ಮಾವ’ ಎಂದರೆ ಅಮ್ಮನ ಅಣ್ಣ, ಅತ್ತೆಯ ಗಂಡ, ಗಂಡನ ಅಪ್ಪ ಯಾರೂ ಆಗಬಹುದು. ಹಾಗಾಗಿ ಪ್ರತಿ ಹೆಸರಿಗೂ ಮೂರು ಪ್ರಶ್ನೆ: ಯಾವ ಮನೆಯವರು, ಯಾರ ಮಗ ಅಥವಾ ಮಗಳು, ಯಾವ ಮನೆಗೆ ಸಂಬಂಧ ಆಯಿತು. ನಮ್ಮಲ್ಲಿ ಒಂದೇ ಹೆಸರು ಅಜ್ಜನಿಂದ ಮೊಮ್ಮಗನಿಗೆ ಬರುತ್ತದೆ. ಮನೆಯ ಹೆಸರಿಲ್ಲದ ಬರೀ ‘ಶಂಕರ ಭಟ್ಟರು’, ‘ಸುಬ್ಬಯ್ಯ ರೈ’ ಎಂಬ ಟಿಪ್ಪಣಿಯಿಂದ ಮುಂದಿನವರಿಗೆ ಏನೂ ತಿಳಿಯದು.

ಇಸವಿ ಕೇಳಬೇಡಿ. ಊರು ಕೇರಳಕ್ಕೆ ಹೋಗುವ ಮೊದಲೋ ಆಮೇಲೋ, ಗಾಂಧೀಜಿ ತೀರಿಹೋದಾಗ ಈ ಮಗು ಹುಟ್ಟಿತ್ತೋ, ಭೂಮಸೂದೆಯಲ್ಲಿ ಗದ್ದೆ ಹೋದದ್ದು ಇದರ ಹಿಂದೋ ಮುಂದೋ, ಕರೆಂಟು ಬಂದಿತ್ತೋ ಎಂದು ಕೇಳಿ. ಇಬ್ಬರು ಹಿರಿಯರಿದ್ದರೆ ಬೇರೆ ಬೇರೆಯಾಗಿ ಕೇಳಿ. ಒಟ್ಟಿಗೆ ಕೂತರೆ ಕಿರಿಯರು ಹಿರಿಯರ ಮಾತಿಗೆ ತಲೆಯಾಡಿಸುತ್ತಾರೆ, ನಿಮಗೆ ಎರಡು ಸಾಕ್ಷಿಯ ಬದಲು ಒಂದೇ ಸಿಗುತ್ತದೆ. ಮನೆಯಲ್ಲಿ ದುಡಿದವರನ್ನು, ನೆರೆಕರೆಯವರನ್ನು ಮರೆಯಬೇಡಿ. ಒಳಗಿನವರು ಹೇಳದ ಎಷ್ಟೋ ವಿಷಯ ಅವರಿಗೆ ಗೊತ್ತಿರುತ್ತದೆ.

ಕೆಲವು ಚಿತ್ರಗಳ ಮುಂದೆ ಹಿರಿಯರು ಮೌನವಾಗುತ್ತಾರೆ. ಸಣ್ಣ ಪ್ರಾಯದಲ್ಲಿ ತೀರಿಹೋದ ಮಗು, ತಲೆ ಬೋಳಿಸಿಕೊಂಡ ಬಾಲವಿಧವೆ, ಮನೆ ಬಿಟ್ಟು ಹೋದ ತಮ್ಮ. ಅಲ್ಲಿ ಕೆದಕಬೇಡಿ, ರೆಕಾರ್ಡಿಂಗ್ ನಿಲ್ಲಿಸಬೇಕೇ ಎಂದು ಕೇಳಿ. ಅವರು ಹೇಳಿದ್ದನ್ನು ಬರೆದಿಡುವುದು ಬೇರೆ, ಬಂಧುಗಳ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುವುದು ಬೇರೆ. ಎರಡನೆಯದಕ್ಕೆ ಅವರ ಅನುಮತಿ ಬೇಕೇ ಬೇಕು.

ಇನ್ನೊಂದು ಮಾತು. ಮಸುಕಾದ ಮುಖವನ್ನು ಸ್ಪಷ್ಟ ಮಾಡುವ, ಬಣ್ಣ ಹಚ್ಚುವ ಆ್ಯಪ್‌ಗಳಿಂದ ಬಂದ ಚಿತ್ರವನ್ನು ಗುರುತು ಹಿಡಿಯಲು ಎಂದೂ ತೋರಿಸಬೇಡಿ. ಅವು ಇಲ್ಲದ ಕಣ್ಣು, ಇಲ್ಲದ ಹಲ್ಲು, ಇಲ್ಲದ ಬಣ್ಣವನ್ನು ಅಂದಾಜಿನಲ್ಲಿ ತುಂಬಿಸುತ್ತವೆ. ಸಿಗುವುದು ಚಂದದ ಮುಖ, ಆದರೆ ಅದು ನಿಮ್ಮ ಅಜ್ಜಿಯದಲ್ಲ.

ಕಾಗದಗಳು

ಮನೆಯ ಒಳಗಿನಿಂದ ಶುರುಮಾಡಿ. ಲಗ್ನಪತ್ರಿಕೆ, ಉತ್ತರಕ್ರಿಯೆಯ ಕಾಗದ, ಜಾತಕ, ಹಳೆ ರೇಶನ್ ಕಾರ್ಡು, ಎಸ್‌ಎಸ್‌ಎಲ್‌ಸಿ ಪುಸ್ತಕ, ಗೇಣಿ ಚೀಟಿ. ಜನನಕ್ಕೆ ಜಾತಕವನ್ನೇ ಹೆಚ್ಚು ನಂಬಿ. ಶಾಲೆಯ ರಿಜಿಸ್ಟರಿನ ಹುಟ್ಟಿದ ತಾರೀಕು ಸೇರಿಸುವ ಅನುಕೂಲಕ್ಕೆ ಹೇಳಿದ್ದಾಗಿರುವುದು ಸಾಮಾನ್ಯ. ಪಂಚಾಯತು ಅಥವಾ ನಗರಸಭೆಯ ಜನನ ರಿಜಿಸ್ಟರಿನಲ್ಲಿ ಹಳೆಯ ದಾಖಲೆ ಸಿಕ್ಕಿದರೂ ಮಗುವಿನ ಹೆಸರು ಇಲ್ಲದೆ ಬರೀ ‘ಗಂಡು’, ‘ಹೆಣ್ಣು’ ಎಂದಿರುವುದುಂಟು. ಅಪ್ಪನ ಹೆಸರು ಮತ್ತು ಮನೆಯ ಹೆಸರಿನಿಂದ ಹುಡುಕಬೇಕು.

ಶ್ರಾದ್ಧ ಮಾಡುವ ಮನೆಗಳಲ್ಲಿ ಒಂದು ದೊಡ್ಡ ದಾಖಲೆ ಬಾಯಲ್ಲಿಯೇ ಇದೆ. ತಂದೆ, ಅಜ್ಜ, ಮುತ್ತಜ್ಜ, ಹಾಗೆಯೇ ತಾಯಿಯ ಕಡೆಯವರು ಎಂದು ಮೂರು ತಲೆಮಾರಿನ ಹೆಸರು ಅಲ್ಲಿ ಹೇಳಲೇಬೇಕು. ಶ್ರಾದ್ಧ ಮಾಡುವವರಿಂದ ಅಥವಾ ಮನೆಯ ಪುರೋಹಿತರಿಂದ ಆ ಪಟ್ಟಿಯನ್ನೂ ತಿಥಿಯನ್ನೂ ಬರೆಸಿಕೊಳ್ಳಿ. ತಿಥಿ ಗೊತ್ತಿದ್ದು ವರ್ಷ ಬೇರೆ ಕಡೆಯಿಂದ ಸಿಕ್ಕಿದರೆ ಹಳೆ ಪಂಚಾಂಗದಲ್ಲಿ ತೀರಿಹೋದ ದಿನವನ್ನೇ ಗುರುತಿಸಬಹುದು. ಕ್ರೈಸ್ತರ ಮನೆಯಾದರೆ ಇಗರ್ಜಿಯ ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ಹೆತ್ತವರ ಜೊತೆಗೆ ಸಾಕ್ಷಿನಿಂತವರ ಹೆಸರೂ ಇರುತ್ತದೆ. ಮುಸ್ಲಿಮರಿಗೆ ಜಮಾಅತ್ತಿನ ನಿಕಾಹ್ ರಿಜಿಸ್ಟರ್ ಇದೆ.

ಸಬ್‌ರಿಜಿಸ್ಟ್ರಾರ್ ಕಚೇರಿಯ ಪಾಲುಪತ್ರದ ನಕಲು ವಂಶವೃಕ್ಷಕ್ಕೆ ಎಲ್ಲಕ್ಕಿಂತ ಗಟ್ಟಿ. ಯಾರು ಬದುಕಿದ್ದರು, ಯಾರು ‘ದಿವಂಗತ’, ಯಾರಿಗೆ ಎಷ್ಟು ಪ್ರಾಯ ಎಂಬುದು ಒಂದೇ ಕಡೆ ಸಿಗುತ್ತದೆ. ಅಜ್ಜ ಬಾಸೆಲ್ ಮಿಶನಿನ ಶಾಲೆಯಲ್ಲೋ ಹಂಚಿನ ಕಾರ್ಖಾನೆಯಲ್ಲೋ ಕೆಲಸದಲ್ಲಿದ್ದರೆ ಸ್ವಿಜರ್ಲೆಂಡಿನ ಬಾಸೆಲಿನಲ್ಲಿರುವ ಮಿಶನ್ ದಾಖಲೆ ಸಂಗ್ರಹದ ಹಳೆ ಫೋಟೊಗಳನ್ನು ಅಂತರ್ಜಾಲದಲ್ಲಿ ನೋಡಿ. ಮಂಗಳೂರು, ಮಲಬಾರಿನ ಚಿತ್ರಗಳು ಅಲ್ಲಿವೆ.

ಮೂರೂ ಸೇರಿದಾಗ

ಒಂದು ಗ್ರೂಪ್ ಫೋಟೊ ಇದೆ ಎಂದಿಟ್ಟುಕೊಳ್ಳಿ. 6×8 ಇಂಚು, ರಟ್ಟಿಗೆ ಅಂಟಿಸಿದ್ದು. ಮೊಹರಿನಲ್ಲಿ ‘ಕಾಸರಗೋಡು, ಕಣ್ಣೂರು ಜಿಲ್ಲೆ’, ಪಿನ್‌ಕೋಡ್ ಇಲ್ಲ, ಪೆನ್ಸಿಲಿನಲ್ಲಿ 4.50. ಹಂಚಿನ ಮಾಡಿನ ಮನೆ, ಪಕ್ಕದಲ್ಲಿ ಚಪ್ಪರದ ಕಂಬ, ಮಾವಿನೆಲೆ ತೋರಣ. ನಡುವಿನ ಕುರ್ಚಿಯಲ್ಲಿ ಮುಂಡಾಸಿನ ಹಿರಿಯರು, ನೆಲದಲ್ಲಿ ಕೂತ ಹುಡುಗಿಯ ತೊಡೆಯ ಮೇಲೆ ಕತ್ತು ನಿಂತ ಶಿಶು. ಫೋಟೊ ಇಷ್ಟು ಹೇಳಿತು: 1957ರ ಏಪ್ರಿಲ್ ನಂತರ, ಸಮಾರಂಭದ ದಿನ.

ಒಬ್ಬ ಅತ್ತೆ ಹೇಳುತ್ತಾರೆ: ಆ ಶಿಶು ತನ್ನ ಕೊನೆಯ ತಮ್ಮ, ಕುರ್ಚಿಯಲ್ಲಿರುವುದು ತನ್ನ ಅಜ್ಜ. ಇನ್ನೊಬ್ಬರು ಬೇರೆಯಾಗಿ ಕೇಳಿದಾಗ: ಸಣ್ಣಜ್ಜನ ಮಗಳ ಮದುವೆಯ ದಿನ ತೆಗೆದದ್ದು. ತಮ್ಮನ ಜಾತಕದಲ್ಲಿ ಶೋಭಕೃತ್ ಸಂವತ್ಸರದ ಸಿಂಹ ಮಾಸ, ಅಂದರೆ 1963ರ ಆಗಸ್ಟ್-ಸೆಪ್ಟೆಂಬರ್. ಶಿಶುವಿಗೆ ಆರರಿಂದ ಒಂಬತ್ತು ತಿಂಗಳು ಎಂದರೆ 1964ರ ಫೆಬ್ರವರಿಯಿಂದ ಜೂನ್ ನಡುವೆ. ಲಗ್ನಪತ್ರಿಕೆಯಲ್ಲಿ 1964ರ ಏಪ್ರಿಲ್. ದಿನ ಸಿಕ್ಕಿತು. ಆದರೆ 1962ರ ಪಾಲುಪತ್ರದಲ್ಲಿ ಅಜ್ಜನ ಹೆಸರಿನ ಮುಂದೆ ‘ದಿವಂಗತ’ ಎಂದಿದೆ. ಹಾಗಾದರೆ ಕುರ್ಚಿಯಲ್ಲಿರುವುದು ಅಜ್ಜನಲ್ಲ. ಮದುಮಗಳ ಅಪ್ಪ, ಅಜ್ಜನ ತಮ್ಮ ಸಣ್ಣಜ್ಜನೇ ಇರಬೇಕು. ಅತ್ತೆ ಹೇಳಿದ್ದನ್ನು ಅಳಿಸಬೇಡಿ. ಅಣ್ಣತಮ್ಮಂದಿರು ಅಷ್ಟು ಹೋಲುತ್ತಿದ್ದರು ಎಂಬುದೂ ಒಂದು ಮಾಹಿತಿಯೇ. ಕುರ್ಚಿಯವರ ಹೆಸರಿನ ಎದುರು ‘ಸಂಭವ’ ಎಂದು, ದಿನದ ಎದುರು ‘ನಿಶ್ಚಿತ’ ಎಂದು ಬರೆಯಿರಿ. ಸಣ್ಣಜ್ಜನ ಇನ್ನೊಂದು ಫೋಟೊ ಸಿಕ್ಕಿದಾಗ ಕಿವಿಯ ಆಕಾರ ಹೋಲಿಸಿ ನೋಡಿ. ಪ್ರಾಯವಾದರೂ, ಮೀಸೆ ಬಿಟ್ಟರೂ ಅದು ಅಷ್ಟಾಗಿ ಬದಲಾಗುವುದಿಲ್ಲ.

ಸ್ಕ್ಯಾನ್ ಮತ್ತು ಜೋಪಾಸನೆ

600 ಡಿಪಿಐ, ಅಂಗೈಗಿಂತ ಸಣ್ಣ ಫೋಟೊ ಆದರೆ 1200. ಕಪ್ಪುಬಿಳುಪಾದರೂ ಕಲರ್‌ನಲ್ಲೇ ಸ್ಕ್ಯಾನ್ ಮಾಡಿ, ಕಲೆ ಮತ್ತು ಶಾಯಿಯ ವ್ಯತ್ಯಾಸ ಆಗ ಗೊತ್ತಾಗುತ್ತದೆ. 4×6 ಇಂಚಿನದು 2400×3600 ಪಿಕ್ಸೆಲ್ ಆಗುತ್ತದೆ, ಟಿಫ್ ಫೈಲ್ ಸುಮಾರು 26 ಎಂಬಿ. ಮುಂದೆ, ಹಿಂದೆ ಎರಡೂ ಬೇಕು: ಅ-14-ಮುಂದೆ, ಅ-14-ಹಿಂದೆ. ವಾಟ್ಸ್‌ಆ್ಯಪಿನಲ್ಲಿ ಫೋಟೊ ಆಗಿ ಕಳಿಸಿದರೆ ಗಾತ್ರ ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಮೂರು ಪ್ರತಿ ಇರಲಿ, ಒಂದು ಬೇರೆ ಊರಿನ ನೆಂಟರ ಮನೆಯಲ್ಲಿ.

ಗಾಜಿನ ಪಟವನ್ನು ಮೊಬೈಲಿನಲ್ಲಿ ತೆಗೆಯುವಾಗ ಕಿಟಕಿ ಪಕ್ಕಕ್ಕೆ ಬರಲಿ, ನಿಮ್ಮ ಹಿಂದೆ ಕಪ್ಪು ಬಟ್ಟೆ ಹಿಡಿಸಿ, ಸ್ವಲ್ಪ ದೂರ ನಿಂತು 2 ಪಟ್ಟು ಜೂಮ್ ಮಾಡಿ. ಹತ್ತಿರದಿಂದ ತೆಗೆದರೆ ಅಂಚು ಬಾಗುತ್ತದೆ, ಫ್ಲಾಶ್ ಹಾಕಿದರೆ ಗಾಜು ಮಾತ್ರ ಕಾಣುತ್ತದೆ.

ಅಂಟುಹಾಳೆಯ ಆಲ್ಬಂ, ಪಿವಿಸಿ ಕವರು, ರಬ್ಬರ್ ಬ್ಯಾಂಡ್, ಸ್ಟೇಪಲ್, ಸೆಲ್ಲೊಟೇಪ್ ಯಾವುದೂ ಬೇಡ. ಆಮ್ಲರಹಿತ ಕಾಗದದ ಲಕೋಟೆ ಅಥವಾ ಪಾಲಿಪ್ರೊಪಿಲೀನ್ ಕವರು ಸರಿ. ಪೆಟ್ಟಿಗೆಯನ್ನು ಅಟ್ಟದಲ್ಲೂ ಇಡಬೇಡಿ, ನೆಲದಲ್ಲೂ ಇಡಬೇಡಿ: ಮೇಲೆ ಸೆಕೆ, ಕೆಳಗೆ ಒರಲೆ. ಹೊರಗೋಡೆಗೆ ತಾಗದ ಕಪಾಟಿನ ನಡುವಿನ ಖಾನೆ ಒಳ್ಳೆಯದು. ಸಿಲಿಕಾ ಜೆಲ್ ಪೊಟ್ಟಣ ಹಾಕಿದರೆ ಮಳೆಗಾಲದಲ್ಲಿ ಆಗಾಗ ಬದಲಿಸಿ ಅಥವಾ ಬಿಸಿ ಮಾಡಿ ಒಣಗಿಸಿ. ಒದ್ದೆಯಾದ ಜೆಲ್‌ನಿಂದ ಯಾವ ಪ್ರಯೋಜನವೂ ಇಲ್ಲ.

ಫೋಟೊದ ಹಿಂದೆ ಬರೆಯಲೇಬೇಕಾದರೆ ಅಂಚಿನಲ್ಲಿ, ಗಟ್ಟಿ ಮೇಜಿನ ಮೇಲಿಟ್ಟು, ಪೆನ್ಸಿಲಿನಲ್ಲಿ ಹಗುರವಾಗಿ ನಂಬರು ಮಾತ್ರ ಬರೆಯಿರಿ. ನುಣುಪು ಕಾಗದದ ಕಲರ್ ಫೋಟೊಗೆ ಪೆನ್ಸಿಲ್ ಹತ್ತುವುದಿಲ್ಲ, ಅದಕ್ಕೆ ಲಕೋಟೆಯ ಮೇಲೆ, ಫೋಟೊ ಒಳಗಿಡುವ ಮೊದಲು ಬರೆಯಿರಿ. ನೋಟ್‌ಬುಕ್ಕಿನ ಪುಟದ ಜೆರಾಕ್ಸ್ ಒಂದನ್ನು ಅದೇ ಲಕೋಟೆಯಲ್ಲಿಡಿ. ಮುಂದೆ ಹೊಸ ವಿಷಯ ತಿಳಿದರೆ ಹಳೆಯ ಸಾಲಿನ ಮೇಲೆ ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಕೆಳಗೆ ಹೊಸದನ್ನು ಬರೆದು, ಹೇಳಿದವರ ಹೆಸರು ಮತ್ತು ಆ ದಿನದ ತಾರೀಕು ಹಾಕಿ. ಗುರುತು ಸಿಗದ ಮುಖಗಳಿಗೆ ‘ಗೊತ್ತಿಲ್ಲ’ ಎಂದೇ ಬರೆದು, ಯಾರು ಯಾರನ್ನು ಕೇಳಿ ಆಯಿತು ಎಂಬ ಪಟ್ಟಿ ಜೊತೆಗಿಡಿ. ಮುಂದೆ ಹುಡುಕುವವರು ಆಗ ಉಳಿದವರನ್ನು ಕೇಳಿದರೆ ಸಾಕು.